ಎಂ.ಎಸ್ಸಿ. ಭೂವಿಜ್ಞಾನ ಆಯ್ತು, ಮುಂದೆ ಹಿಮನದಿ?

ಹಿಮನದಿಯತ್ತ ಹೊರಡೋ ಭೂವಿಜ್ಞಾನದ ಹುಡುಗರು ಮೊದಲು ಟ್ರೆಕ್ಕಿಂಗ್ ಶೂ ಹುಡುಕ್ತಾರೆ. ಹುಡುಕಲಿ. ಆದರೆ ಅಲ್ಲಿನ ಅಸಲಿ ಕೆಲಸ ಎಷ್ಟು ಐಸ್ ಕರಗಿತು, ಎಷ್ಟು ಹಿಮ ಸೇರಿತು ಅನ್ನೋ ಲೆಕ್ಕ ಬರೆಯೋದು.

ಹಿಮಾಚಲದ ಛೋಟಾ ಶಿಗ್ರಿ ಹಿಮನದಿಯನ್ನೇ ನೋಡಿ, 2002ರಿಂದ ಅಳತೆ ನಡೀತಿದೆ. ಹಬೆಯ ಡ್ರಿಲ್ಲಿನಿಂದ ಸುಮಾರು 10 ಮೀಟರ್ ಆಳಕ್ಕೆ ಕೊರೆದು, 2 ಮೀಟರಿನ ಬಿದಿರು ತುಂಡುಗಳನ್ನು ಜೋಡಿಸಿ ಇಳಿಸ್ತಾರೆ. ಮುಂದಿನ ವರ್ಷ ಬೇಸಿಗೆ ಕರಗುವಿಕೆ ಮುಗಿದ ಮೇಲೆ ಬಿದಿರು 150 ಸೆಂ.ಮೀ. ಹೆಚ್ಚು ಹೊರಬಂದಿದ್ದರೆ, ಐಸಿನ ಸಾಂದ್ರತೆ 0.9ರಿಂದ ಗುಣಿಸಿ: 135 ಸೆಂ.ಮೀ. ನೀರು ಹೋಗಿದೆ. ಮೇಲ್ಭಾಗದ ಹಿಮಕ್ಕೆ ಈ 0.9 ನಡೆಯಲ್ಲ, ಗುಂಡಿ ತೋಡಿ, ಪದರ ಪದರವಾಗಿ ತೂಗಲೇಬೇಕು. ಕೋಲು ವಾಲಿದರೆ ಓದಿದ ಅಂಕಿ ಸುಳ್ಳು. ಕಲ್ಲುಮಣ್ಣಿನ ಹೊದಿಕೆ ಬೇರೆ ಆಟ ಆಡಿಸುತ್ತೆ: ತೆಳುವಾಗಿದ್ದರೆ ಬಿಸಿಲು ಹೀರಿ ಐಸನ್ನು ಬೇಗ ಕರಗಿಸುತ್ತೆ, ದಪ್ಪಗಿದ್ದರೆ ಕಂಬಳಿಯಂತೆ ಕಾಯುತ್ತೆ. ಕೋಲುಗಳನ್ನೆಲ್ಲ ಬರಿ ಐಸಿನಲ್ಲೇ ನೆಟ್ಟರೆ ಸರಾಸರಿ ಕೆಡೋದು ಇಲ್ಲೇ.

ಕೆಳಗಿನ ಹೊಳೆಯಲ್ಲಿ ಕಲ್ಲು, ಸುಳಿ ಜಾಸ್ತಿ. ಹರಿವು ಅಳೆಯೋಕೆ ನೀರಲ್ಲಿ ತಿರುಗೋ ಚಕ್ರದ ಮೀಟರ್ ನಂಬೋ ಹಾಗಿಲ್ಲ. ತೂಗಿದ ಉಪ್ಪು ಕರಗಿಸಿ ಸುರಿದು, ಕೆಳಗಡೆ ವಿದ್ಯುತ್ ವಾಹಕತೆ ಏರಿಳಿಯೋದನ್ನು ಅಳೆಯೋದು ವಾಸಿ. ಪ್ರವಾಹ ಬಂದು ಹೊಳೆಯ ತಳ ಬದಲಾದರೆ ನೀರಿನ ಮಟ್ಟ ನೋಡಿ ಹರಿವು ಹೇಳೋ ಹಳೇ ಕೋಷ್ಟಕ ಕಸದ ಬುಟ್ಟಿಗೆ. ನೀರಿನ ಮೂಲ ಹುಡುಕೋ ಐಸೋಟೋಪ್ ಪರೀಕ್ಷೆಯ ಬಾಟಲಿಯಲ್ಲಿ ಗಾಳಿಗುಳ್ಳೆ ಇರಬಾರದು, ಆವಿಯಾದರೆ ಆಮ್ಲಜನಕ-18ರ (ಆಮ್ಲಜನಕದ ಭಾರದ ರೂಪ) ಪಾಲು ಏರುತ್ತೆ.

ಬೆಟ್ಟ ಹತ್ತಲಾಗದವರಿಗೂ ದಾರಿ ಉಂಟು. ಬೆಂಗಳೂರಿನ ಐಐಎಸ್‌ಸಿಯ ದಿವೇಚಾ ಹವಾಮಾನ ಬದಲಾವಣೆ ಕೇಂದ್ರದಲ್ಲಿ ಉಪಗ್ರಹ ಚಿತ್ರಗಳಿಂದ ಹಿಮಾಲಯದ ಹಿಮನದಿಗಳ ಅಧ್ಯಯನ ನಡೆದಿದೆ. ಒಂದೂ ಹಿಮನದಿ ಇಲ್ಲದ ರಾಜ್ಯದಲ್ಲಿ ಕೂತು! ಹೋಗೋ ಮುಂಚೆ ಜಿಐಎಸ್ (ಕಂಪ್ಯೂಟರಿನ ನಕ್ಷೆ ತಂತ್ರಾಂಶ), ಪೈಥಾನ್ ಪ್ರೋಗ್ರಾಮಿಂಗ್ ಕಲಿತಿರಿ.