ಶಾರ್ಕ್‌ಗೆ ನಮ್ಮ ಭಯ: ಮಾಲಪಾಸ್ಕುವಾದ ನೀರಿನಡಿ

ಶಾರ್ಕ್ ಎದುರಾದರೆ ನಾವು ಹೇಗೆ ಪಾರಾಗಬೇಕು ಅನ್ನುವ ಬಗ್ಗೆ ಗೈಡ್ ಹುಡುಗಿ ಒಂದು ಮಾತೂ ಆಡಲಿಲ್ಲ. ಬಂದ ಶಾರ್ಕ್ ಹೆದರಿ ಓಡಿಹೋಗದ ಹಾಗೆ ನಾವು ಹೇಗಿರಬೇಕು ಅಂತಲೇ ದೋಣಿಯಲ್ಲಿ ಪಾಠ ಮಾಡಿದಳು. ಟಾರ್ಚ್ ಬೇಡ. ಕ್ಯಾಮೆರಾದ ಫ್ಲ್ಯಾಶ್ ಬೇಡ. ಹಿಂದೆ ಬಿದ್ದು ಈಜುವುದು ಬೇಡವೇ ಬೇಡ. ಕೈ ಚಾಚಿ ಸ್ನೇಹಿತರಿಗೆ ತೋರಿಸುವುದೂ ಬೇಡ. ಕೆಳಗೆ, ಅಲುಗಾಡದೆ ಇರಿ. ಉಸಿರು ನಿಧಾನಕ್ಕೆ ಬಿಡಿ. "ಗುಳ್ಳೆಗಳ ಸದ್ದು ಅವಕ್ಕೆ ಆಗಲ್ಲ" ಅಂದಳು. ಇನ್ನೂ ಬೆಳಕು ಹರಿದಿರಲಿಲ್ಲ. ಮೊದಲ ಸಲ ಶಾರ್ಕ್ ನೋಡಲು ಬಂದಿದ್ದ ಹುಡುಗನೊಬ್ಬ ಪಂಜರ, ಕೋಲು ಏನಾದರೂ ಇರುತ್ತೆ ಅಂದುಕೊಂಡಿದ್ದನೋ ಏನೋ, "ಇಷ್ಟೇನಾ?" ಅಂತ ಕೇಳಿಯೇಬಿಟ್ಟ.

ನಾವಿದ್ದದ್ದು ಫಿಲಿಪೀನ್ಸ್‌ನ ಮಾಲಪಾಸ್ಕುವಾದಲ್ಲಿ. ಸೆಬು ದ್ವೀಪದ ಉತ್ತರ ತುದಿಯಿಂದ ಸ್ವಲ್ಪ ಆಚೆ ಇರುವ ಪುಟ್ಟ ದ್ವೀಪ. ಉದ್ದ ಎರಡೂವರೆ ಕಿಲೋಮೀಟರ್, ಅಗಲ ಒಂದು ಕಿಲೋಮೀಟರ್ ಅಷ್ಟೆ. ಸೆಬು ನಗರದಿಂದ ಮಾಯಾ ಬಂದರಿಗೆ ಬಸ್ಸಿನಲ್ಲಿ ನಾಲ್ಕು ಗಂಟೆ. ಅಲ್ಲಿಂದ ಎರಡೂ ಬದಿಗೆ ಬಿದಿರು ಕಟ್ಟಿದ ಬಾಂಕಾ ದೋಣಿಯಲ್ಲಿ ಅರ್ಧ ಗಂಟೆಗೂ ಜಾಸ್ತಿ. ಆ ದಾರಿಯ ಬಗ್ಗೆ ಹೇಳುವಂಥದ್ದೇನಿಲ್ಲ. ಬಸ್ಸಿನಲ್ಲಿ ಎಸಿ ಜಾಸ್ತಿ, ನಿದ್ದೆ ಕಡಿಮೆ.

ಇಲ್ಲಿಗೆ ಜನ ಬರುವುದು ಥ್ರೆಶರ್ ಶಾರ್ಕ್ ನೋಡಲು. ಥ್ರೆಶರ್‌ಗಳಲ್ಲಿ ಮೂರು ಜಾತಿ. ಇಲ್ಲಿನದು ಪೆಲಾಜಿಕ್ ಥ್ರೆಶರ್, ಮೂರರಲ್ಲಿ ಚಿಕ್ಕದು. ಚಿಕ್ಕದು ಅಂದರೂ ಮೂರು ಮೀಟರ್ ಬೆಳೆಯುತ್ತೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ಬರೀ ಬಾಲ. ಆ ಬಾಲ ಸುಮ್ನೆ ಅಂದಕ್ಕೆ ಇರುವುದಲ್ಲ. ಬೂತಾಯಿಯಂಥ ಮೀನುಗಳ ಹಿಂಡಿಗೆ ನುಗ್ಗಿ, ತಲೆ ತಗ್ಗಿಸಿ, ಬಾಲವನ್ನು ಬೆನ್ನ ಮೇಲಿಂದ ಮುಂದಕ್ಕೆ ಬೀಸಿ ಹೊಡೆಯುತ್ತೆ. ಒಂದೇ ಏಟಿಗೆ ಹಲವು ಮೀನು ಸಾಯುವುದುಂಟು. ಆಮೇಲೆ ಆರಾಮಾಗಿ ತಿರುಗಿ ಬಂದು ಒಂದೊಂದನ್ನೇ ತಿನ್ನುತ್ತೆ. ಇದನ್ನು 2010ರಲ್ಲಿ ಇದೇ ಸೆಬುವಿನ ಇನ್ನೊಂದು ಮಗ್ಗುಲಲ್ಲಿರುವ ಪೆಸ್ಕಡಾರ್ ದ್ವೀಪದ ಹತ್ತಿರ ಕ್ಯಾಮೆರಾದಲ್ಲಿ ಹಿಡಿದರು. 2013ರಲ್ಲಿ ಸಂಶೋಧಕರು ಆ ಚಿತ್ರಗಳ ಮೇಲೆ ವಿವರವಾಗಿ ಬರೆದರು.

ಬೇಟೆ ನೋಡುವ ಆಸೆ ಇಟ್ಟುಕೊಂಡು ಮಾಲಪಾಸ್ಕುವಾಕ್ಕೆ ಹೋಗಬೇಡಿ. ಇಲ್ಲಿಗೆ ಅವು ಬರುವುದು ಮೈ ತಿಕ್ಕಿಸಿಕೊಳ್ಳಲು. ಸಮುದ್ರದೊಳಗೆ ಮುಳುಗಿರುವ ದಿಬ್ಬಗಳ ಮೇಲೆ ಕ್ಲೀನರ್ ರಾಸ್ ಅನ್ನುವ ಬೆರಳುದ್ದದ ಮೀನುಗಳು ವಾಸ ಮಾಡುತ್ತವೆ. ದೊಡ್ಡ ಮೀನುಗಳ ಮೈಗೆ ಅಂಟಿದ ಪರಾವಲಂಬಿ ಹುಳುಗಳೇ ಅವುಗಳ ಊಟ. ತೆರೆದ ಕಡಲಿನ ಆಳದಲ್ಲಿ ಇರುವ ಥ್ರೆಶರ್‌ಗಳು ಬೆಳಗಿನ ಹೊತ್ತು ಈ ದಿಬ್ಬಗಳಿಗೆ ಹತ್ತಿ ಬರುತ್ತವೆ. ಮೊದಲೆಲ್ಲ ಡೈವರ್‌ಗಳು ಹೋಗುತ್ತಿದ್ದದ್ದು ಮೋನಾಡ್ ಶೋಲ್ ಅನ್ನುವ ದಿಬ್ಬಕ್ಕೆ. ಈಚಿನ ವರ್ಷಗಳಲ್ಲಿ ಅಲ್ಲಿ ಹುಲಿ ಶಾರ್ಕ್‌ಗಳು ಓಡಾಡತೊಡಗಿದವು. ಥ್ರೆಶರ್‌ಗಳು ಇನ್ನೂ ದೂರದ ಕಿಮುಡ್ ಶೋಲ್‌ನಲ್ಲಿ ಕಾಣಿಸತೊಡಗಿದವು. ಹುಲಿಗೆ ಹೆದರಿ ಮನೆ ಬದಲಾಯಿಸಿದವು ಅಂತ ಗೈಡ್‌ಗಳ ಮಾತು. ಅವುಗಳ ಸ್ವಭಾವ ನೋಡಿದ ಮೇಲೆ ನನಗೂ ಹಾಗೇ ಅನಿಸಿತು.

ಕಿಮುಡ್‌ನಲ್ಲಿ ನೀರಿಗಿಳಿದಾಗ ಮೇಲೆ ಆಗಷ್ಟೇ ಬೆಳಕಾಗುತ್ತಿತ್ತು. ಕೆಳಗೆ ಎಲ್ಲ ಒಂದೇ ನೀಲಿ. ದಿಬ್ಬದ ತಲೆ ಸಪಾಟಾಗಿದೆ, ಅಂಚು ದಾಟಿದರೆ ತಳ ಕಾಣದ ಆಳ. ನಾವು ಅಂಚಿನ ಹತ್ತಿರ ಸಾಲಾಗಿ ನಿಂತೆವು. ನಿಂತೆವು ಅಂದರೆ ತೇಲುತ್ತಾ ಒಂದೇ ಕಡೆ ಇದ್ದೆವು. ಕಾಲಿಗೆ ಹಾಕಿಕೊಂಡ ಫಿನ್ ಹವಳಕ್ಕೆ ತಾಗಿಸಿದರೆ ಗೈಡ್ ಹುಡುಗಿ ನೀರಿನಲ್ಲೇ ಕಣ್ಣು ಕೆಕ್ಕರಿಸುತ್ತಿದ್ದಳು. ಹದಿನೈದು ಮೀಟರ್ ಆಳದಲ್ಲಿ ಒಂದೊಂದು ಉಸಿರಿಗೂ ಮೇಲಿಗಿಂತ ಎರಡೂವರೆ ಪಟ್ಟು ಗಾಳಿ ಖರ್ಚು. ಗಾಬರಿಯಾದರೆ ಇನ್ನೂ ಜಾಸ್ತಿ. ಹಾಗಾಗಿ ಸುಮ್ಮನಿರುವುದೇ ಅಲ್ಲಿ ದೊಡ್ಡ ಕೆಲಸ.

ಮೊದಲು ಏನೂ ಇಲ್ಲ. ಆಮೇಲೆ ನೀಲಿಯೊಳಗೆ ಒಂದು ಕಡೆ ನೀಲಿ ಸ್ವಲ್ಪ ದಟ್ಟವಾಯಿತು. ಅದು ಶಾರ್ಕ್ ಅಂತ ಗೊತ್ತಾಗುವಷ್ಟರಲ್ಲಿ ಅರ್ಧ ಮೈ ನಮ್ಮೆದುರು ಹಾದುಹೋಗಿತ್ತು. ಬಾಲ ಮಾತ್ರ ಇನ್ನೂ ಬರುತ್ತಲೇ ಇತ್ತು. ಎಷ್ಟು ಚಿತ್ರ ನೋಡಿಕೊಂಡು ಹೋಗಿದ್ದರೂ ಆ ಬಾಲದ ಉದ್ದಕ್ಕೆ ಮನಸ್ಸು ಸಿದ್ಧವಾಗಿರುವುದಿಲ್ಲ. ಅದು ಬೀಸುವುದೂ ನಿಧಾನ. ಈ ತುದಿಯಲ್ಲಿ ಎದ್ದ ಅಲೆ ಆ ತುದಿ ಮುಟ್ಟುವ ತನಕ ನೋಡುತ್ತಾ ಇರಬಹುದು.

ಎರಡನೇ ಸುತ್ತಿನಲ್ಲಿ ಮುಖ ಕಂಡಿತು. ನನ್ನ ತಲೆಯಲ್ಲಿದ್ದ ಶಾರ್ಕ್ ಮುಖಕ್ಕೂ ಇದಕ್ಕೂ ಸಂಬಂಧವೇ ಇಲ್ಲ. ಚಿಕ್ಕ ಬಾಯಿ, ಅದೂ ಸ್ವಲ್ಪ ಕೆಳಗೆ ಬಾಗಿದೆ. ಕಣ್ಣುಗಳು ಮಾತ್ರ ಅಗಲವೋ ಅಗಲ. ಪಾಠ ಕೇಳದೆ ಕೂತಿದ್ದಾಗ ಮೇಷ್ಟ್ರು ಹೆಸರು ಹಿಡಿದು ಕರೆದರೆ ಹುಡುಗರ ಮುಖ ಹೇಗಾಗುತ್ತೆ, ಹಾಗೆ. ಕಡಿಮೆ ಬೆಳಕಿನಲ್ಲಿ ನೋಡಲು ಆದ ಕಣ್ಣು ಅದು. ಫ್ಲ್ಯಾಶ್ ಬೇಡ ಅಂದದ್ದು ಯಾಕೆ ಅಂತ ಇನ್ನೊಮ್ಮೆ ಹೇಳಬೇಕಿರಲಿಲ್ಲ.

ದಿಬ್ಬದ ಹತ್ತಿರ ಬಂದಾಗ ಅದು ವೇಗ ಇನ್ನೂ ತಗ್ಗಿಸಿತು. ಪೂರ್ತಿ ನಿಲ್ಲುವ ಹಾಗಿಲ್ಲ ಪಾಪ. ಥ್ರೆಶರ್ ಈಜುತ್ತಲೇ ಇರಬೇಕು, ನಿಂತರೆ ಕಿವಿರಿಗೆ ನೀರು ಹರಿಯಲ್ಲ. ಹಾಗಾಗಿ ನಿಧಾನಕ್ಕೆ ಸುತ್ತು ಹಾಕುತ್ತೆ. ಕೆಳಗಿನಿಂದ ಆ ಬೆರಳುದ್ದದ ಮೀನುಗಳು ಎದ್ದು ಬಂದವು. ಒಂದು ಕಿವಿರಿನ ಹತ್ತಿರ, ಇನ್ನೊಂದೆರಡು ಹೊಟ್ಟೆಯ ಕೆಳಗೆ. ಶಾರ್ಕ್ ಹಾದುಹೋದ ಮೇಲೆ ಅವು ಹವಳಕ್ಕೆ ವಾಪಸ್, ಮುಂದಿನ ಸುತ್ತಿಗೆ ಮತ್ತೆ ಮೇಲೆ. ಒಂದು ಸಲ ಏನೋ ಜೋರಾಗಿ ಕಿತ್ತಿರಬೇಕು. ಶಾರ್ಕ್ ಮೈ ಪೂರ್ತಿ ನಡುಗಿತು. ಮೂರು ಮೀಟರ್ ಪ್ರಾಣಿ, ಬೆರಳುದ್ದದ ಮೀನಿಗೆ! ಆದರೂ ಸಿಟ್ಟಾಗಲಿಲ್ಲ. ದೊಡ್ಡ ಸುತ್ತು ಹೊಡೆದು ಮತ್ತೆ ಅದೇ ಜಾಗಕ್ಕೆ ಬಂತು.

ಆಗ ನಮ್ಮ ಸಾಲಿನ ಆ ತುದಿಯಲ್ಲಿ ಯಾರೋ ಒಮ್ಮೆಲೇ ಉಸಿರು ಬಿಟ್ಟರು. ಗುಳ್ಳೆಗಳ ರಾಶಿಯೇ ಎದ್ದಿತು. ಶಾರ್ಕ್ ಬಾಲ ಒಂದು ಸಲ ಝಾಡಿಸಿದ್ದು ಕಂಡಿತು, ಅಷ್ಟೆ. ಮರುಕ್ಷಣ ಬರೀ ನೀಲಿ. ಅಷ್ಟು ಹೊತ್ತಿನ ನಿಧಾನ ಅದರ ಇಷ್ಟ, ಕೈಲಾಗದೆ ಅಲ್ಲ ಅಂತ ಆಗ ಗೊತ್ತಾಯಿತು.

ಇದಕ್ಕೂ ಮುಂಚೆ ನಾನು ಮಾಲ್ಡೀವ್ಸ್‌ನ ತೆಂಕಣ ತುದಿಯ ಫುವಮುಲಾದಲ್ಲಿ ಹುಲಿ ಶಾರ್ಕ್ ನೋಡಿದ್ದೆ. ಅಲ್ಲಿ ಬಂದರಿನ ಹತ್ತಿರ ಮೀನುಗಾರರು ಎಸೆಯುವ ಮೀನಿನ ತಲೆ, ಕರುಳಿಗೆ ಅವು ಬರುವುದು ಅಭ್ಯಾಸವಾಗಿದೆ. ಡೈವ್‌ನಲ್ಲೂ ಮೀನಿನ ತುಂಡು ಇಟ್ಟು ಕರೆಯುತ್ತಾರೆ. ಶಾರ್ಕ್ ಬಂದೇ ಬರುತ್ತೆ, ಅದರಲ್ಲಿ ಅನುಮಾನವಿಲ್ಲ. ದೊಡ್ಡದು, ಗಂಭೀರ, ನೋಡಿದರೆ ಮೈ ಜುಮ್ಮೆನ್ನುತ್ತೆ. 2010ರಲ್ಲಿ ಆ ದೇಶ ಶಾರ್ಕ್ ಬೇಟೆಯನ್ನೇ ನಿಷೇಧಿಸಿತು. ಅದಕ್ಕೆ ಕೈ ಮುಗಿಯಬೇಕು. ಆದರೂ ಊಟ ಇಟ್ಟು ಕರೆದು ನೋಡುವುದು ನನಗೆ ಅಷ್ಟು ರುಚಿಸಲಿಲ್ಲ. ಕಿಮುಡ್‌ನಲ್ಲಿ ಶಾರ್ಕ್ ತನ್ನ ಕೆಲಸಕ್ಕೆ ತಾನು ಬಂದಿರುತ್ತೆ. ನಾವು ಅಲ್ಲಿ ಹೆಚ್ಚುವರಿ ಜನ. ನನಗೆ ಅದೇ ಇಷ್ಟ.

ಎರಡು ಡೈವ್‌ಗಳ ನಡುವೆ ದೋಣಿಯಲ್ಲಿ ಒಂದು ಗಂಟೆ ಬಿಡುವು. ದೋಣಿ ನಡೆಸುತ್ತಿದ್ದ ಹಿರಿಯರು ಚುಕ್ಕಾಣಿ ಪಕ್ಕ ಕೂತು ಹಗ್ಗ ಹೊಸೆಯುತ್ತಿದ್ದರು. ಎಲ್ಲರೂ ಅವರನ್ನು ಕುಯಾ ಅಂತ, ಅಣ್ಣ ಅನ್ನೋ ಹಾಗೆ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಈ ಶಾರ್ಕ್‌ಗಳನ್ನು ಎಷ್ಟು ಸಲ ನೋಡಿದ್ದೀರಿ ಅಂತ ಸುಮ್ನೆ ಕೇಳಿದೆ.

"ನೀರಿನೊಳಗೆ ಒಂದು ಸಲವೂ ಇಲ್ಲ ಸರ್" ಅಂದರು.

ನಾನು ನಕ್ಕೆ. ಅವರು ನಗಲಿಲ್ಲ. "ನೀವೆಲ್ಲ ಕೆಳಗೆ ಹೋದರೆ ಮೇಲೆ ದೋಣಿ ನೋಡಿಕೊಳ್ಳುವವರು ಯಾರು?"

ಹುಡುಗನಾಗಿದ್ದಾಗ ತುಂಬಾ ನೋಡಿದ್ದರಂತೆ, ಗಾಳಕ್ಕೆ ಸಿಕ್ಕಿದ್ದನ್ನು. "ಬಾಲ ದೋಣಿಯಲ್ಲಿ ಹಿಡಿಸುತ್ತಿರಲಿಲ್ಲ, ಮಡಚಬೇಕಿತ್ತು. ಹೆಣ್ಣಾಗಿದ್ದರೆ ಹೊಟ್ಟೆಯಲ್ಲಿ ಎರಡು ಮರಿ. ಯಾವಾಗಲೂ ಎರಡೇ." ಅಷ್ಟು ಹೇಳಿ ಹಗ್ಗದ ಕಡೆ ತಿರುಗಿದರು. ನಾನು ಓದಿ ತಿಳಿದಿದ್ದ ವಿಷಯ ಅದು. ಒಂದು ಬಸಿರಿಗೆ ಎರಡೇ ಮರಿ ಹಾಕುವ ಪ್ರಾಣಿ, ಹಿಡಿಯುತ್ತಾ ಹೋದರೆ ಬೇಗ ಖಾಲಿ. ಅದಕ್ಕೇ ಪೆಲಾಜಿಕ್ ಥ್ರೆಶರ್ ಈಗ ಅಳಿವಿನಂಚಿನ ಪಟ್ಟಿಯಲ್ಲಿದೆ. 2016ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೂ ಕಡಿವಾಣ ಹಾಕಲು ದೇಶಗಳು ಒಪ್ಪಿದವು. ಇವರು ಆ ಎರಡು ಮರಿಗಳನ್ನು ಕೈಯಾರೆ ಎಣಿಸಿದ್ದರು.

ಸ್ವಲ್ಪ ಹೊತ್ತು ಬಿಟ್ಟು ಅವರೇ ಕೇಳಿದರು. "ಬದುಕಿದ್ದಾಗ ಬಣ್ಣ ಯಾವುದು ಸರ್? ನಾನು ನೋಡಿದ್ದೆಲ್ಲ ಬೂದಿ."

ತಕ್ಷಣ ಉತ್ತರ ಹೊಳೆಯಲಿಲ್ಲ. ಈ ಶಾರ್ಕ್‌ನ ಬಣ್ಣ ಸತ್ತ ಸ್ವಲ್ಪ ಹೊತ್ತಿಗೆ ಮಾಸಿ ಬೂದಿಯಾಗುತ್ತೆ. ಆಳದಲ್ಲಿ ಕೆಂಪು ಬೆಳಕು ಮೊದಲೇ ಕರಗಿಹೋಗಿರುವುದರಿಂದ ನಮಗೆ ಕಾಣುವುದೂ ಪೂರ್ತಿ ನಿಜವಲ್ಲ. "ಬೆನ್ನು ಗಾಢ ನೀಲಿ. ಬಿಸಿಲು ಬಿದ್ದರೆ ಸ್ವಲ್ಪ ನೇರಳೆ. ಪಕ್ಕೆ ಬೆಳ್ಳಿ" ಅಂದೆ. ಅವರು ಅದನ್ನು ಇಂಜಿನ್ ಹತ್ತಿರವಿದ್ದ ಹುಡುಗನಿಗೆ ತಮ್ಮ ಭಾಷೆಯಲ್ಲಿ ಹೇಳಿದರು. ಅವನು ತಲೆಯಾಡಿಸಿ ಏನೋ ಅಂದ. "ನೇರಳೆ ಸುಳ್ಳು ಅಂತಾನೆ" ಅಂದರು ಕುಯಾ. ಈ ಸಲ ಅವರೂ ನಕ್ಕರು.

2013ರ ನವೆಂಬರಿನ ಚಂಡಮಾರುತದ ಮಾತೂ ಬಂತು. ಜಗತ್ತು ಹೈಯಾನ್ ಅಂದದ್ದನ್ನು ಇಲ್ಲಿ ಯೊಲಾಂಡಾ ಅನ್ನುತ್ತಾರೆ. ದ್ವೀಪದ ಮೇಲೇ ಹಾದುಹೋದ ಹಾಗಿತ್ತಂತೆ. ಅವರ ಮನೆಯ ಚಾವಣಿ ಹೋಯಿತು, ದೋಣಿ ಹೋಯಿತು. "ಮೊದಲು ದೋಣಿ ಕಟ್ಟಿದೆ, ಆಮೇಲೆ ಮನೆ." ಯಾಕೆ ಅಂತ ಕೇಳಲಿಲ್ಲ. ದೋಣಿ ಇದ್ದರೆ ತಾನೇ ದುಡಿಮೆ?

ಮಾರನೆಯ ಬೆಳಗ್ಗೆಯ ಕಥೆ ಈಗಲೂ ನೆನೆದರೆ ಉರಿಯುತ್ತೆ. ಬಾಡಿಗೆಗೆ ತಗೊಂಡಿದ್ದ ಡೈವ್ ಕಂಪ್ಯೂಟರ್ ಇಪ್ಪತ್ತು ಮೀಟರ್ ಆಳದಲ್ಲಿ ಒಂದು ಸಲ ಮಿಣುಕಿ ಕಣ್ಣು ಮುಚ್ಚಿತು. ಎಷ್ಟು ಆಳ, ಎಷ್ಟು ಹೊತ್ತು ಅಂತ ಹೇಳುವ ಯಂತ್ರವೇ ಇಲ್ಲದ ಮೇಲೆ ಡೈವ್ ಮುಗಿಯಿತು, ಅದೇ ನಿಯಮ. ನಿಯಮ ಸರಿಯಾಗಿಯೇ ಇದೆ. ನಾನೂ, ನನ್ನ ಜೊತೆಗಾರನೂ ಐದು ಮೀಟರ್‌ನಲ್ಲಿ ಮೂರು ನಿಮಿಷ ನಿಂತು ಮೇಲೆ ಬಂದೆವು. ಕೆಳಗೆ ಉಳಿದವರಿಗೆ ಎರಡು ಥ್ರೆಶರ್ ಒಟ್ಟಿಗೆ ಸುತ್ತು ಹಾಕಿದ್ದು ಕಂಡಿತಂತೆ. ಅಂಗಡಿಯಲ್ಲಿ ಕೇಳಿದರೆ "ನಿನ್ನೆ ಸರಿಯಾಗಿತ್ತಲ್ಲ" ಅನ್ನುವ ಉತ್ತರ. ಬಾಡಿಗೆಗೆ ತಗೊಳ್ಳುವಾಗ ಬ್ಯಾಟರಿ ಗುರುತು ತೋರಿಸಿ ಅಂತ ಪಟ್ಟು ಹಿಡಿಯಿರಿ. ಅರ್ಧಕ್ಕಿಂತ ಕಡಿಮೆ ಇದ್ದರೆ ಬೇರೆ ಕೊಡಿ ಅನ್ನಿ, ಮುಖ ಸಿಂಡರಿಸಿದರೂ ಪರವಾಗಿಲ್ಲ. ನಾನಂತೂ ವಾಪಸ್ ಬಂದ ತಿಂಗಳೇ ಸ್ವಂತದ್ದು ಕೊಂಡೆ. ಬ್ಯಾಗಿನಲ್ಲಿ ಜಾಗ ಕಡಿಮೆ ಇದ್ದರೆ ಫಿನ್ಸ್ ಬಿಡಿ. ಮಾಸ್ಕ್, ಕಂಪ್ಯೂಟರ್ ಮಾತ್ರ ನಿಮ್ಮದೇ ಇರಲಿ.

ಹತ್ತಿರದ ಗಾಟೊ ದ್ವೀಪವನ್ನು ಎಲ್ಲರೂ ಹೊಗಳುತ್ತಾರೆ. ದ್ವೀಪದ ಅಡಿಯಲ್ಲೇ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸುರಂಗ ಇದೆ, ಕತ್ತಲಲ್ಲಿ ವೈಟ್‌ಟಿಪ್ ಶಾರ್ಕ್‌ಗಳು ಮಲಗಿರುತ್ತವೆ. ಇವು ಕಿವಿರಿಗೆ ತಾವೇ ನೀರು ಪಂಪ್ ಮಾಡಿಕೊಳ್ಳಬಲ್ಲವು, ಅದಕ್ಕೇ ನೆಲಕ್ಕೊರಗಿ ಮಲಗುವ ಸುಖ. ಚೆನ್ನಾಗಿತ್ತು. ಆದರೆ ಸುರಂಗದ ತುಂಬಾ ಡೈವರ್‌ಗಳು, ಕೋಲಿನ ತುದಿಗೆ ಕ್ಯಾಮೆರಾ ಸಿಕ್ಕಿಸಿಕೊಂಡು ಮಲಗಿದ ಶಾರ್ಕ್ ಮೂತಿಗೇ ಹಿಡಿಯುವವರು. ಆ ಕೋಲುಗಳನ್ನು ದೋಣಿಯಲ್ಲೇ ಇಟ್ಟು ಇಳಿಯಿರಿ ಅನ್ನುವ ನಿಯಮ ಬಂದರೆ ಸಾಕಪ್ಪ.

ಮೋನಾಡ್‌ಗೂ ಒಂದು ಸಲ ಹೋದೆವು. ಹುಲಿ ಶಾರ್ಕ್ ಬರಲಿಲ್ಲ. ಅದು ಬಂದರೆ ಒಟ್ಟಿಗೆ ಸೇರಿ ನಿಲ್ಲಿ, ಅದರ ಕಡೆಗೇ ಮುಖ ಮಾಡಿರಿ ಅಂತ ಗೈಡ್ ಹುಡುಗಿ ಹೇಳಿದ್ದಳು. ಒಟ್ಟಿಗೆ ಸೇರಿ, ಏನೂ ಇಲ್ಲದ ಕಡೆ ಮುಖ ಮಾಡಿ ನಿಂತು ಬಂದೆವು.

ಹೊರಡುವ ಹಿಂದಿನ ದಿನ ನೀರಿಗೆ ಇಳಿಯುವ ಹಾಗಿರಲಿಲ್ಲ. ಒಂದಕ್ಕಿಂತ ಹೆಚ್ಚು ಡೈವ್ ಮಾಡಿದವರು ವಿಮಾನ ಹತ್ತುವ ಮುಂಚೆ ಕನಿಷ್ಠ 18 ಗಂಟೆ ಬಿಡಬೇಕು. ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ಅಷ್ಟು ಹೊತ್ತು ಬೇಕು. ನನ್ನ ವಿಮಾನ ಮುಂಜಾನೆಯದು, ಹಾಗಾಗಿ ಇಡೀ ದಿನ ದಡದಲ್ಲಿ. ಮಧ್ಯಾಹ್ನ ದೋಣಿ ವಾಪಸ್ ಬಂತು. ಆ "ಇಷ್ಟೇನಾ?" ಹುಡುಗ ಇಳಿಯುವ ಮುಂಚೆಯೇ ಬೆರಳು ಎತ್ತಿ ತೋರಿಸಿದ. ಏಳು. ಒಂದೇ ಡೈವ್‌ನಲ್ಲಿ ಏಳು ಥ್ರೆಶರ್. ಹೊಟ್ಟೆ ಉರಿಯದೆ ಇರುತ್ತಾ? ಚೆನ್ನಾಗಿ ಉರಿಯಿತು.