ಅಂಗುಳದ ಮೇಲೆ ಮಸಿ: ಟ, ಣ, ಳ ತಾಗುವ ಜಾಗ ಹುಡುಕುವ ಕೆಲಸ, ಮೂರನೇ ಸುತ್ತು

ನಾಲಗೆಗೆ ಇದ್ದಿಲಿನ ಮಸಿ ಬಳಿದು ಒಂದು ಪದ ಹೇಳಿಸಿದರೆ, ನಾಲಗೆ ತಾಗಿದ ಕಡೆ ಅಂಗುಳಕ್ಕೆ ಮಸಿ ಅಂಟುತ್ತದೆ; ಬಾಯೊಳಗೆ ಕನ್ನಡಿ ಹಿಡಿದು ಅದರ ಫೋಟೊ ತೆಗೆಯುವುದೇ ಈ ಕೆಲಸ. ಮೊದಲ ಎರಡು ಸುತ್ತಿನಲ್ಲೂ ‘ಅತ್ತ’ ಎಂದಾಗ ಬಾಚಿಹಲ್ಲಿನ ಹಿಂದೆ ಒಳ್ಳೆಯ ಕಪ್ಪು ಪಟ್ಟಿ ಬಿತ್ತು. ‘ಅಟ್ಟ’ ಎಂದಾಗ ದವಡೆಹಲ್ಲುಗಳ ಒಳಬದಿಗೆ ಎರಡು ಗೆರೆ ಬಿಟ್ಟರೆ ಅಂಗುಳದ ನಡುವೆ ಏನೂ ಇಲ್ಲ. ತಪ್ಪು ಮಸಿಯದಲ್ಲ, ಬಳಿದ ಜಾಗದ್ದು. ನಾಲಗೆಯ ಮೇಲ್ಮೈಗಷ್ಟೇ ಬಳಿದಿತ್ತು. ಟಕಾರಕ್ಕೆ ತುದಿ ಹಿಂದಕ್ಕೆ ಮಡಚಿಕೊಂಡು, ಅದರ ಅಡಿಭಾಗ ಅಂಗುಳಕ್ಕೆ ತಾಗುತ್ತದೆ. ಅಲ್ಲಿ ಮಸಿಯೇ ಇರಲಿಲ್ಲ.

ಇದು ಹೊಸ ವಿಷಯವೇನಲ್ಲ. ವೇದದ ಉಚ್ಚಾರಣೆಯನ್ನು ವಿವರಿಸುವ ಹಳೆಯ ಗ್ರಂಥ ತೈತ್ತಿರೀಯ ಪ್ರಾತಿಶಾಖ್ಯ, ಟವರ್ಗಕ್ಕೆ ನಾಲಗೆಯ ತುದಿಯನ್ನು ಹಿಂದಕ್ಕೆ ಸುತ್ತಿ ಮೂರ್ಧಕ್ಕೆ (ಬಾಯಿಯ ಮೇಲ್ಛಾವಣಿಗೆ) ತಾಗಿಸಬೇಕು ಎಂದೇ ಹೇಳುತ್ತದೆ. 1983ರಲ್ಲಿ ಧ್ವನಿವಿಜ್ಞಾನಿಗಳಾದ ಪೀಟರ್ ಲ್ಯಾಡಿಫೋಗೆಡ್ ಮತ್ತು ಪೆರಿ ಭಾಸ್ಕರರಾವ್ ಎಕ್ಸ್‌ರೇ ಚಿತ್ರಗಳನ್ನು ಹೋಲಿಸಿದಾಗ, ಹಿಂದಿಯವರ ಟಕಾರದಲ್ಲಿ ನಾಲಗೆಯ ತುದಿ ತಾಗುತ್ತಿತ್ತು. ತಮಿಳು, ತೆಲುಗಿನವರಲ್ಲಿ ತುದಿಯ ಅಡಿಭಾಗ ಗಟ್ಟಿ ಅಂಗುಳಕ್ಕೆ ತಾಗುತ್ತಿತ್ತು. ಇದನ್ನು ನೆನಪಿಟ್ಟುಕೊಂಡಿದ್ದರೆ ಎರಡು ಸುತ್ತಿನ ಮಸಿ ಉಳಿಯುತ್ತಿತ್ತು.

ಮಸಿ ಮತ್ತು ಬಳಿಯುವ ಕ್ರಮ

ತಿನ್ನಲು ಯೋಗ್ಯವಾದ ಅಕ್ಟಿವೇಟೆಡ್ ಚಾರ್ಕೋಲ್ ಪುಡಿ ಒಂದು ಟೀ ಚಮಚ, ಆಲಿವ್ ಎಣ್ಣೆ ಒಂದು ಟೀ ಚಮಚ. ಧೂಪದ ಇದ್ದಿಲು ಬೇಡ. ಎಣ್ಣೆ ಹೆಚ್ಚಾದರೆ ಮಸಿ ಹರಿದು ಗುರುತಿನ ಅಂಚು ಹರಡುತ್ತದೆ, ಪುಡಿ ಹೆಚ್ಚಾದರೆ ನಾಲಗೆಯ ಮೇಲೇ ಕೂತು ಅಂಗುಳಕ್ಕೆ ಅಂಟುವುದಿಲ್ಲ. ದೋಸೆ ಹಿಟ್ಟಿಗಿಂತ ತುಸು ಗಟ್ಟಿ ಇದ್ದರೆ ಸರಿ. ಇದ್ದಿಲು ಹೊಟ್ಟೆಯಲ್ಲಿ ಔಷಧವನ್ನೂ ಹೀರಿಕೊಳ್ಳುತ್ತದೆ, ಹಾಗಾಗಿ ಮಾತ್ರೆ ನುಂಗಿದ ಹೊತ್ತಿನಲ್ಲಿ ಈ ಕೆಲಸ ಬೇಡ.

ಉಗುಳು ನುಂಗಿಸಿ, ಅಂಗುಳವನ್ನು ಒಣ ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಆಮೇಲೆ ಒಂದು ಸೆಂಟಿಮೀಟರ್ ಅಗಲದ ಮೆದು ಬ್ರಷ್‌ನಿಂದ ಬಳಿಯಬೇಕು: ಮೊದಲು ನಾಲಗೆ ಎತ್ತಿಸಿ ತುದಿಯ ಅಡಿಭಾಗ, ಆಮೇಲೆ ಎರಡೂ ಅಂಚು, ಕೊನೆಗೆ ಮೇಲ್ಮೈ. ಅಡಿಯಲ್ಲಿ ನಾಲಗೆಯನ್ನು ಬಾಯಿಯ ನೆಲಕ್ಕೆ ಕಟ್ಟುವ ತೆಳು ಪಟ್ಟಿಯ ತನಕ ಹೋಗಬೇಕಿಲ್ಲ, ತುದಿಯಿಂದ ಸುಮಾರು ಎರಡು ಸೆಂಟಿಮೀಟರ್ ಸಾಕು. ಅಲ್ಲಿಂದಾಚೆ ಉಗುಳಿನ ಗ್ರಂಥಿಗಳ ಬಾಯಿಗಳಿವೆ, ಬ್ರಷ್ ತಾಗಿದರೆ ನೀರು ಒಸರಿ ಮಸಿಯೆಲ್ಲ ತೇಲುತ್ತದೆ. ಬಳಿದ ಮೇಲೆ ನುಂಗಬಾರದು, ಬಾಯಿ ಮುಚ್ಚಬಾರದು. ಪದ ಒಮ್ಮೆ ಹೇಳಿ ತಕ್ಷಣ ಬಾಯಿ ತೆರೆಯಬೇಕು.

ಒಂದು ಪದಕ್ಕೂ ಇನ್ನೊಂದಕ್ಕೂ ನಡುವೆ ನಿಂಬೆನೀರಿನಿಂದ ಬಾಯಿ ಮುಕ್ಕಳಿಸಿದರೆ ಎಣ್ಣೆ ಬಿಡುತ್ತದೆ. ಆದರೆ ಹುಳಿಗೆ ಬಾಯಲ್ಲಿ ನೀರೂರುತ್ತದೆ, ಐದು ನಿಮಿಷ ಕಾಯಬೇಕು. ಮುಂಭಾಗದ ಅಂಗುಳದ ಅಡ್ಡ ಏಣುಗಳ ಸಂದಿಯಲ್ಲಿ ಹಳೆಯ ಮಸಿ ಉಳಿಯುವುದು ದೊಡ್ಡ ಕಾಟ. ಪ್ರತಿ ಪದಕ್ಕೂ ಮೊದಲು ಖಾಲಿ ಅಂಗುಳದ ಫೋಟೊ ತೆಗೆಯುವುದು ಅದಕ್ಕೇ.

ಪದಗಳು

ಪದದಲ್ಲಿ ಅಂಗುಳಕ್ಕೆ ತಾಗುವ ವ್ಯಂಜನ ಒಂದೇ ಇರಬೇಕು, ಸ್ವರ ಅಕಾರವಾಗಿರಬೇಕು. ಇಕಾರ ಬಂದರೆ ನಾಲಗೆಯ ಅಂಚುಗಳು ತಾವಾಗಿಯೇ ಮೇಲಿನ ಹಲ್ಲಿಗೆ ತಾಗಿ ಬೇಡದ ಗುರುತು ಹಾಕುತ್ತವೆ. ಈ ವಿಷಯದಲ್ಲಿ ಕನ್ನಡದ ಕೈ ಧಾರಾಳ: ಅತ್ತ, ಅಟ್ಟ, ಅನ್ನ, ಅಣ್ಣ, ಅಲ್ಲ, ಹಳ್ಳ, ಬಸವ, ವಶ. ಪರೀಕ್ಷೆಗೆ ‘ಅಪ್ಪ’, ಅದರಲ್ಲಿ ಅಂಗುಳ ಖಾಲಿ ಬರದಿದ್ದರೆ ಬಳಿದದ್ದು ಹೆಚ್ಚಾಯಿತು ಎಂದರ್ಥ. ಒತ್ತಕ್ಷರದಲ್ಲಿ ನಾಲಗೆ ಹೆಚ್ಚು ಹೊತ್ತು ಒತ್ತಿಕೊಂಡಿರುವುದರಿಂದ ಗುರುತು ಸ್ಪಷ್ಟ, ಆದರೆ ಒಂಟಿ ವ್ಯಂಜನಕ್ಕಿಂತ ಅಗಲ. ‘ಅಟ್ಟ’ವನ್ನು ‘ಹಠ’ದ ಜೊತೆ ಅಳೆದು ಹೋಲಿಸುವುದು ಸರಿಯಲ್ಲ.

‘ಅಕ್ಕ’ ಕೈಬಿಟ್ಟಿದ್ದೇವೆ. ಕಕಾರ ಮೃದು ಅಂಗುಳದ ಕಡೆ ತಾಗುತ್ತದೆ, ಕನ್ನಡಿ ಅಲ್ಲಿಗೆ ಹೋದರೆ ಓಕರಿಕೆ ಬರುತ್ತದೆ.

ಫೋಟೊ

ಹಲ್ಲಿನ ವೈದ್ಯರು ಬಳಸುವ ಅಗಲದ ಕನ್ನಡಿ, ಮುಂಭಾಗಕ್ಕೇ ಲೇಪವಿರುವಂಥದ್ದು. ಮಾಮೂಲಿ ಕನ್ನಡಿಯಲ್ಲಿ ಗಾಜಿನ ಮೇಲ್ಮೈಯದೊಂದು, ಹಿಂದಿನ ಲೇಪದ್ದೊಂದು ಎಂದು ಅಂಚು ಎರಡೆರಡು ಕಾಣುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ ಒರೆಸಿದರೆ ಆವಿ ಕಟ್ಟುವುದಿಲ್ಲ. ಚಿತ್ರ ಎಡಬಲ ಅದಲುಬದಲಾಗಿರುತ್ತದೆ, ಕಂಪ್ಯೂಟರಿನಲ್ಲಿ ತಿರುಗಿಸಿಟ್ಟುಕೊಳ್ಳಬೇಕು.

ಮೂರನೇ ಸುತ್ತಿನಲ್ಲಿ ಕಂಡದ್ದು

‘ಅಟ್ಟ’ಕ್ಕೆ ಈಗ ಪೂರ್ತಿ ಕುದುರೆಲಾಳ ಸಿಕ್ಕಿದೆ: ಎರಡೂ ಬದಿ ದವಡೆಹಲ್ಲುಗಳ ಉದ್ದಕ್ಕೂ ಕಪ್ಪು, ಅವನ್ನು ಜೋಡಿಸುವ ಪಟ್ಟಿ ಅಡ್ಡ ಏಣುಗಳಿಂದ ಹಿಂದೆ. ಹಲ್ಲು ಸ್ವಚ್ಛ. ಪಟ್ಟಿಯ ಹಿಂದಿನ ಅಂಚು ಚೂಪು, ಮುಂದಿನದು ಮಸುಕು. ಕಾರಣವಿದೆ: ಹಿಂದೆ ಒತ್ತಿದ ತುದಿ ಉಸಿರು ಬಿಡುವ ಹೊತ್ತಿಗೆ ಮುಂದಕ್ಕೆ ಜಾರುತ್ತದೆ. ತಾಗಿದ ಜಾಗವೆಲ್ಲ ಒಂದೇ ಚಿತ್ರದಲ್ಲಿ ಕೂಡಿ ಬೀಳುವುದರಿಂದ, ಮೊದಲು ತಾಗಿದ್ದೆಲ್ಲಿ ಎಂಬುದಕ್ಕೆ ಹಿಂದಿನ ಅಂಚನ್ನೇ ನಂಬಬೇಕು.

‘ಅಣ್ಣ’ದ ಚಿತ್ರ ಹೆಚ್ಚುಕಡಿಮೆ ಅದೇ. ಟಕ್ಕೂ ಣಕ್ಕೂ ಇರುವ ಮುಖ್ಯ ವ್ಯತ್ಯಾಸ ಮೃದು ಅಂಗುಳ ಇಳಿದು ಮೂಗಿನ ದಾರಿ ತೆರೆಯುವುದು, ಗಂಟಲಲ್ಲಿ ಧ್ವನಿ ಹುಟ್ಟುವುದು. ಎರಡೂ ಮಸಿಗೆ ಸಿಗವು.

‘ಹಳ್ಳ’ ಚೆಂದ. ನಡುಪಟ್ಟಿ ‘ಅಟ್ಟ’ದ ಹಾಗೆಯೇ, ಆದರೆ ಲಾಳ ಮುರಿದಿದೆ: ಹಿಂದಿನ ದವಡೆಹಲ್ಲಿನ ಬಳಿ ಬಿಳಿ ಖಾಲಿ. ಉಸಿರು ಹೋಗುವ ದಾರಿ ಅದೇ. ನಾಲಗೆಯಲ್ಲಿ ಮೂಳೆಯಿಲ್ಲ, ಗಾತ್ರ ಬದಲಾಗುವುದಿಲ್ಲ. ಒಂದು ಕಡೆ ಕುಗ್ಗಿದರೆ ಇನ್ನೊಂದು ಕಡೆ ಉಬ್ಬಲೇಬೇಕು. ಅಡ್ಡ ಸ್ನಾಯುಗಳು ಬಿಗಿದು ನಾಲಗೆ ಕಿರಿದಾದಾಗ ಅಂಚು ಹಲ್ಲಿನಿಂದ ಬಿಡುತ್ತದೆ, ತುದಿ ಚಾಚಿಕೊಳ್ಳುತ್ತದೆ. ತುದಿಯನ್ನು ಮೇಲಕ್ಕೆ ಮಡಚುವುದು ಮೇಲ್ಮೈಯ ಉದ್ದ ಸ್ನಾಯು. ಳಕಾರವನ್ನು ಲ ಎನ್ನುವ ಮಕ್ಕಳಿಗೆ ಪಕ್ಕದ ದಾರಿ ಆಗಲೇ ಗೊತ್ತಿರುತ್ತದೆ, ಕಲಿಯಬೇಕಾದದ್ದು ಮಡಚುವುದನ್ನು ಮಾತ್ರ.

ಅಚ್ಚು

ಕನ್ನಡಿಯನ್ನು ಓರೆಯಾಗಿ ಹಿಡಿಯುವುದರಿಂದ ಫೋಟೊದಲ್ಲಿ ಅಂಗುಳದ ಉದ್ದ ಕುಗ್ಗುತ್ತದೆ. ತಿದ್ದಲು ಬಾಯಿಯ ಅಚ್ಚು ಬೇಕು, ಅದನ್ನು ಹಲ್ಲಿನ ವೈದ್ಯರ ಕೈಯಲ್ಲೇ ತೆಗೆಸಬೇಕು. ಟ್ರೇ ಒಳಗಿಡುವ ಮೊದಲು ಅಂಗುಳದ ಕಮಾನಿಗೆ ಬೆರಳಿನಿಂದ ಆಲ್ಜಿನೇಟ್ (ಅಚ್ಚು ತೆಗೆಯುವ ಮೆದು ಹಿಟ್ಟು) ಸವರಲು ಹೇಳಿ. ಇಲ್ಲದಿದ್ದರೆ ಗಾಳಿ ಸಿಕ್ಕಿಕೊಂಡು ಬೇಕಾದ ಜಾಗದಲ್ಲೇ ಅಚ್ಚಿಗೆ ಬೊಕ್ಕೆ ಬರುತ್ತದೆ.

ತೆಗೆದ ಅಚ್ಚು ಒಣಗಿದರೆ ಕುಗ್ಗುತ್ತದೆ, ನೀರಲ್ಲಿಟ್ಟರೆ ಉಬ್ಬುತ್ತದೆ. ಒದ್ದೆಬಟ್ಟೆ ಸುತ್ತಿಟ್ಟು, ಹದಿನೈದು ನಿಮಿಷದೊಳಗೆ ಅದರೊಳಗೆ ಡೆಂಟಲ್ ಸ್ಟೋನ್ (ಕಲ್ಲಿನಂತೆ ಗಟ್ಟಿಯಾಗುವ ಜಿಪ್ಸಂ ಪುಡಿ) ಕಲಸಿ ಎರೆಯಬೇಕು. ಪುಡಿ 100 ಗ್ರಾಂಗೆ 30 ಮಿಲಿ ನೀರು. ಒಂದು ಬದಿಯ ಕೊನೆಯ ಹಲ್ಲಿನಿಂದ ಶುರುಮಾಡಿ, ಟ್ರೇ ತಟ್ಟುತ್ತ ತಾನಾಗಿ ಹರಿಯಲು ಬಿಡಬೇಕು. ಗಟ್ಟಿಯಾದ ಕಲ್ಲಚ್ಚನ್ನು ಒಂದು ಗಂಟೆಗೆ ಬಿಡಿಸಬಹುದು. ರಾತ್ರಿಯಿಡೀ ಆಲ್ಜಿನೇಟಿನಲ್ಲೇ ಬಿಟ್ಟ ಮೊದಲ ಕಲ್ಲಚ್ಚಿನ ಮೈ ಸುಣ್ಣದ ಹಾಗೆ ಉದುರಿತು.

ಎರಡನೆಯದು ಸಿದ್ಧವಿದೆ. ಎರಡು ಕೋರೆಹಲ್ಲುಗಳ ನಡುವಿನ ಅಗಲ, ಬಾಚಿಹಲ್ಲಿನಿಂದ ಕೊನೆಯ ದವಡೆಹಲ್ಲಿನ ತನಕದ ಉದ್ದ, ಇವನ್ನು ವರ್ನಿಯರ್‌ನಲ್ಲಿ ಅಳೆದು ಫೋಟೊವನ್ನು ಅದಕ್ಕೆ ಹೊಂದಿಸುತ್ತಿದ್ದೇವೆ.

ಬಾಕಿ ಇರುವುದು ಆಳದ ಗೆರೆಗಳು. ಕಲ್ಲಚ್ಚಿಗೆ ವಾರ್ನಿಶ್ ಎರಡು ಕೋಟು, ಹಲ್ಲುಗಳ ಸಂದಿಗೂ ಹಿಂದಿನ ತೆರೆದ ಬಾಯಿಗೂ ಜೇಡಿಮಣ್ಣಿನ ಗೋಡೆ. ಅಂಗುಳ ಮೇಲ್ಮುಖವಾಗಿ ಬಟ್ಟಲಿನಂತೆ ಇಟ್ಟು, ಎರಡೆರಡು ಮಿಲಿಮೀಟರ್ ಮಟ್ಟ ಏರುವಷ್ಟು ಹಾಲು ಹಾಕುತ್ತ ಪ್ರತಿ ಸಲವೂ ನೆತ್ತಿಯ ಮೇಲಿನಿಂದ ಒಂದು ಫೋಟೊ. ನೀರಾದರೆ ತಳ ಕಂಡು ಅಂಚು ತಿಳಿಯುವುದಿಲ್ಲ. ಅದಾದ ಮೇಲೆ ತಲೆಕೆಳಗು ಪರೀಕ್ಷೆ: ಮಸಿ ಅಂಗುಳಕ್ಕೆ ಬಳಿದು, ‘ಹಳ್ಳ’ ಎಂದ ಮೇಲೆ ನಾಲಗೆಯ ಅಡಿಯಲ್ಲಿ ಎಷ್ಟು ಹಿಂದಿನ ತನಕ ಕಪ್ಪಾಗಿದೆ ಎಂದು ಅಳೆಯುವುದು.