ವಾಷರ್ ಹಾಕುವ ಮೊದಲು ಎತ್ತರ ಅಳೆಯಿರಿ

ರಿಮೋಟಿನಲ್ಲಿ ಓಡುವ ಆರ್‌ಸಿ ಕಾರುಗಳ ರಿಪೇರಿ, ಸೆಟಪ್ ನನ್ನ ಕೆಲಸ. ರೋಲ್ ಸೆಂಟರ್ ವಿಷಯ ಬಂದರೆ ಎಲ್ಲರೂ ಕೇಳುವುದು ಒಂದೇ: "ಎಷ್ಟು ವಾಷರ್ ಹಾಕಬೇಕು?" ನಾನು ತಿರುಗಿ ರೈಡ್ ಹೈಟ್, ಅಂದರೆ ನೆಲದಿಂದ ಚಾಸಿಯ ಎತ್ತರ, ಎಷ್ಟಿದೆ ಅಂತ ಕೇಳುತ್ತೇನೆ. ಅದೂ ಬ್ಯಾಟರಿ, ಬಾಡಿ ಎಲ್ಲ ಹಾಕಿ ಅಳೆದದ್ದು. ಹೆಚ್ಚಾಗಿ ಉತ್ತರ ಬರುವುದಿಲ್ಲ.

ತಿರುವಿನಲ್ಲಿ ಚಾಸಿ ಹೊರಗಡೆ ವಾಲುತ್ತದಲ್ಲ, ಅದು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದೇ ರೋಲ್ ಸೆಂಟರ್. ಕೈಯಲ್ಲಿ ಮುಟ್ಟುವ ಭಾಗವಲ್ಲ. ಚಕ್ರವನ್ನು ಚಾಸಿಗೆ ಜೋಡಿಸುವ ಮೇಲಿನ ಲಿಂಕ್, ಕೆಳಗಿನ ಆರ್ಮ್ ಎಷ್ಟು ಓರೆಯಾಗಿವೆ ಅನ್ನುವುದರ ಮೇಲೆ ಅದರ ಜಾಗ ನಿಂತಿದೆ. ಕಾರಿನ ತೂಕದ ಕೇಂದ್ರ ಅದಕ್ಕಿಂತ ಮೇಲಿರುತ್ತದೆ. ಇವೆರಡರ ನಡುವಿನ ಅಂತರ ಹೆಚ್ಚಿದಷ್ಟೂ ಕಾರು ಜಾಸ್ತಿ ವಾಲುತ್ತದೆ.

ವಾಲುವುದು ಕಡಿಮೆಯಾಗಲಿ ಅಂತ ಕೆಲವರು ಕಾರನ್ನೇ ನೆಲಕ್ಕೆ ಇಳಿಸುತ್ತಾರೆ. ಆಗ ಆರ್ಮ್‌ಗಳ ಓರೆ ಬದಲಾಗಿ, ತೂಕದ ಕೇಂದ್ರ ಇಳಿದದ್ದಕ್ಕಿಂತ ರೋಲ್ ಸೆಂಟರ್ ಜಾಸ್ತಿ ಇಳಿಯಬಹುದು. ಅಂತರ ಇನ್ನೂ ಹೆಚ್ಚಿತು, ಅಲ್ವಾ?

ಮೇಲಿನ ಲಿಂಕಿನ ತುದಿ ಕೂರುವ ಗುಂಡು ತಲೆಯ ಬೋಲ್ಟೇ ಬಾಲ್ ಸ್ಟಡ್. ಚಾಸಿ ಕಡೆಯ ಬಾಲ್ ಸ್ಟಡ್ ಕೆಳಗೆ ವಾಷರ್ ಸೇರಿಸಿದರೆ ರೋಲ್ ಸೆಂಟರ್ ಇಳಿಯುತ್ತದೆ, ತೆಗೆದರೆ ಏರುತ್ತದೆ. ಹಬ್ ಕಡೆ, ಅಂದರೆ ಚಕ್ರದ ಕಡೆ, ಉಲ್ಟಾ. ಆರ್ಮನ್ನು ಚಾಸಿಗೆ ಹಿಡಿದಿರುವ ಒಳಗಿನ ಪಿನ್ ಎತ್ತಿದರೂ ಏರುತ್ತದೆ. ಆದರೆ ಪಿನ್ ಎತ್ತಿದಾಗ ರೈಡ್ ಹೈಟ್, ಡ್ರೂಪ್ (ಚಕ್ರ ಎಷ್ಟು ಕೆಳಗೆ ಜೋಲುತ್ತದೆ ಅನ್ನುವುದು), ಕ್ಯಾಂಬರ್ (ಚಕ್ರ ಎಷ್ಟು ಓರೆಯಾಗಿ ನಿಂತಿದೆ ಅನ್ನುವುದು) ಎಲ್ಲ ಕದಲುತ್ತವೆ. ಅವನ್ನು ಮತ್ತೆ ಸರಿಮಾಡದೆ ಓಡಿಸಿದರೆ ಕಾರು ಯಾವುದರಿಂದ ಬದಲಾಯಿತು ಅಂತ ತಿಳಿಯುವುದೇ ಇಲ್ಲ. ಸುಮ್ನೆ ಒಂದು ಬ್ಯಾಟರಿ ಖಾಲಿ, ಅಷ್ಟೆ. ಅದಕ್ಕೇ ಒಂದು ಸಲಕ್ಕೆ ಒಂದೇ ತುದಿ, ಮುಂದೆ ಅಥವಾ ಹಿಂದೆ. ಅರ್ಧ ಮಿಲಿಮೀಟರ್ ವಾಷರಿಗೂ ವ್ಯತ್ಯಾಸ ಗೊತ್ತಾಗುತ್ತದೆ.

ಮುಂದಿನ ರೋಲ್ ಸೆಂಟರ್ ಇಳಿಸಿದರೆ ಥ್ರಾಟಲ್ ಕೊಟ್ಟಾಗ ಸ್ಟೀರಿಂಗ್ ಹೆಚ್ಚು ಸಿಗುತ್ತದೆ, ಆದರೆ ಕಾರು ತಿರುಗಲು ಕೊಂಚ ತಡಮಾಡುತ್ತದೆ. ಹಿಂದಿನದು ಇಳಿಸಿದರೆ ಹಿಂದಿನ ಗ್ರಿಪ್ ಹೆಚ್ಚುತ್ತದೆ. ಹಿಂಭಾಗ ಜಾರುತ್ತಿದೆ ಅನ್ನುವವರಿಗೆ ನಾನು ಮಾಡಿಕೊಡುವುದು ಹೆಚ್ಚಾಗಿ ಇದನ್ನೇ.

ಗ್ರಿಪ್ ವಿಪರೀತ ಇರುವ ಕಾರ್ಪೆಟ್ ಟ್ರ್ಯಾಕ್ ಬೇರೆಯೇ ಕಥೆ. ಅಲ್ಲಿ ಕಾರು ತಿರುವಿನಲ್ಲೇ ಪಲ್ಟಿ ಹೊಡೆಯುತ್ತದೆ. ರೋಲ್ ಸೆಂಟರ್ ಏರಿಸಿದರೆ ಇದು ಕಡಿಮೆಯಾಗುತ್ತದೆ, ನಿಜ. ಆದರೂ ಗ್ರಿಪ್ ಕೊಂಚ ತಗ್ಗಲಿ ಅಂತ ನಾನು ಮೊದಲು ಮುಂದಿನ ಟೈರುಗಳ ಹೊರಗಿನ ಬದಿಗೆ ತೆಳ್ಳಗೆ ಸೂಪರ್ ಗ್ಲೂ ಹಚ್ಚಿ ನೋಡುತ್ತೇನೆ. ಆಮೇಲೂ ಪಲ್ಟಿಯಾದರೆ ವಾಷರ್ ಡಬ್ಬಿ ತೆಗೆಯುತ್ತೇನೆ.